ಹೆಸರು ಬಿಟ್ಟುಕೊಡದ ಎಂಕುಸ್

ಜಾವಾದ ಚಿಮಾಹಿಯ ಹೊಸ ಬ್ಯಾಡ್ಮಿಂಟನ್ ಭವನದ ಉದ್ಘಾಟನೆಯ ದಿನ, ತಾಲ್ಲೂಕಿನ ದೊರೆಗಳಾದ ಚಾಮತ್ ಸಾಹೇಬರು ಆರರಿಂದ ಇಪ್ಪತ್ತೇಳಕ್ಕೆ ಒಂದೇ ನೆಗೆತದಲ್ಲಿ ಹೋದರು. ನೆಗೆದದ್ದು ಅವರಲ್ಲ, ಅವರ ಅಂಕ. ಅವರ ಶರೀರದ ಮಟ್ಟಿಗೆ ನೆಗೆತ ಎಂಬುದು ಎಂದೋ ನಿವೃತ್ತಿ ಪಡೆದು ಪಿಂಚಣಿ ತಿನ್ನುತ್ತಿತ್ತು. ಎದುರಿಗೆ ಆಡುತ್ತಿದ್ದ ಪೊಲೀಸ್ ಠಾಣೆಯ ಮುಖ್ಯಸ್ಥರು ಹದಿನೈದರಲ್ಲಿದ್ದರು. ಮರ್ಯಾದೆಗೆ ಬಿಟ್ಟುಕೊಡಬೇಕಾದಷ್ಟನ್ನು ಬಿಟ್ಟುಕೊಟ್ಟು, ಇನ್ನು ಸಾಕೆಂದು ಸರ್ವಿಸ್ ಮಾಡಲು ಷಟಲ್ ಎತ್ತಿದ್ದರು. ಅಷ್ಟರಲ್ಲಿ ಗೋಡೆಯ ಮೇಲಿನ ದೀಪದ ಫಲಕದಲ್ಲಿ ಎಡಗಡೆಯ ಕೆಂಪು ಆರು ಅಳಿಸಿಹೋಗಿ ಇಪ್ಪತ್ತೇಳು ಮೂಡಿತು, ಗಂಟೆ ಬಾರಿಸಿತು, ಚಾಮತರ ಹೆಸರಿನ ಕೆಳಗೆ 'ವಿಜೇತರು' ಎಂಬ ಅಕ್ಷರಗಳು ಕುಣಿಯತೊಡಗಿದವು.

ಚಾಮತರು ಅನುಮಾನಪಡಲಿಲ್ಲ. ಅಧಿಕಾರದಲ್ಲಿರುವವರಿಗೆ ತಾವು ಗೆದ್ದದ್ದು ಹೇಗೆಂದು ವಿಚಾರಿಸುವ ಅಭ್ಯಾಸ ಇರುವುದಿಲ್ಲ. ರಾಕೆಟ್ ಎತ್ತಿ ನಾಲ್ಕೂ ದಿಕ್ಕಿಗೆ ತೋರಿಸಿ, ಬಲೆಯ ಬಳಿ ಬಂದು ಕೈ ಚಾಚಿದರು. ಠಾಣೆಯ ಮುಖ್ಯಸ್ಥರು ತಮ್ಮ ಕೈಯಲ್ಲಿದ್ದ ಷಟಲನ್ನೇ ನೋಡುತ್ತ, "ನಾನಿನ್ನೂ ಇದನ್ನ ಹೊಡ್ದೇ ಇಲ್ಲವಲ್ಲ ಪಾಕ್," ಎಂದರು, ಸಾಹೇಬರೇ ಎನ್ನುವ ಮರ್ಯಾದೆ ಬಿಡದೆ. ಜನ ಕುರ್ಚಿ ಬಡಿದುಕೊಂಡು ನಕ್ಕರು.

ಮೂಲೆಯ ಮೇಜಿನ ಹಿಂದೆ ಗುಂಡಿಗಳ ಪೆಟ್ಟಿಗೆ ಹಿಡಿದು ಕೂತಿದ್ದವನು ಎಂಕುಸ್, ಆ ಫಲಕ ತಯಾರಿಸಿದ ಕಾರ್ಖಾನೆಯ ಹಿರಿಯ ಪ್ರೋಗ್ರಾಮರ್. ಅವನು ಗುಂಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಅಂಕೆ ಅವನ ಅಂಕೆಯಲ್ಲಿರಲಿಲ್ಲ. ಮೊದಲ ಸಾಲಿನಲ್ಲಿ ಬಿಳಿ ಟೋಪಿ ಹಾಕಿ ಕೂತಿದ್ದ ಯಜಮಾನ ಹಾಜಿ ಓಮಾನ್ ಕತ್ತನ್ನಷ್ಟೇ ತಿರುಗಿಸಿ ಅವನ ಕಡೆ ನೋಡಿದರು. ಆ ನೋಟಕ್ಕೆ ಎಂಕುಸನ ಬೆನ್ನು ಬೆವರಿತು. ಹಣೆ ಒರೆಸಿಕೊಳ್ಳುತ್ತ ತಲೆ ಎತ್ತಿದರೆ ಫಲಕದ ಕೆಳಸಾಲು ಕಣ್ಣಿಗೆ ಬಿತ್ತು: ಒಳಗಿನ ಶಾಖ 27.

ಮೇಲೂ ಇಪ್ಪತ್ತೇಳು, ಕೆಳಗೂ ಇಪ್ಪತ್ತೇಳು. ಚಾಮತರನ್ನು ಗೆಲ್ಲಿಸಿದ್ದು ಅವರ ತೋಳಲ್ಲ, ಭವನದ ಸೆಕೆ. ಬಾಗಿಲು ಮುಚ್ಚಿ, ಜನ ತುಂಬಿಸಿ, ಅದರ ಮೇಲೆ ಚಾಮತರದೇ ಭಾಷಣವನ್ನೂ ಇಟ್ಟಿದ್ದರಿಂದ ಒಳಗೆ ಕಾವೇರಿತ್ತು.

ಎಂಕುಸನಿಗೆ ವಿಷಯ ಹೊಳೆಯಿತು. ಹೊಳೆದ ಕೂಡಲೇ ಅವನ ಹೊಟ್ಟೆಯೊಳಗೆ ಎದ್ದದ್ದು ಹೆದರಿಕೆಯಲ್ಲ, ಸಂತೋಷ. ಆ ಕೆಳಸಾಲು ಅವನದಲ್ಲ. ಅದನ್ನು ಬರೆದವಳು ನಿನಿಂಗ್.

ವೋಲ್ಟೇಜಿನ ಮೇಲೆ ತಪ್ಪು ಹೊರಿಸಿ, ಪ್ಲಗ್ ಕಿತ್ತು, ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಅಂಕ ಬರೆದು ಆಟ ಮುಗಿಸಿದರು. ಎಂಕುಸ್ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಮಾನ ಹೋದ ದಿನ ಸಿಳ್ಳೆ ಹಾಕುವ ಗಂಡಸನ್ನು ಕಂಡು ಅವನ ಹೆಂಡತಿ ಯೋಯೋಹ್‌ಗೆ ಗಾಬರಿಯೇ ಆಯಿತು.

ನಿನಿಂಗ್ ಆ ಕಾರ್ಖಾನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅದಕ್ಕೆ ಮೊದಲು ಹಾಜಿ ಓಮಾನರ ಕಾರ್ಖಾನೆಯಲ್ಲಿ ಪ್ರೋಗ್ರಾಮು ಎಂದರೆ ಎಂಕುಸ್, ಎಂಕುಸ್ ಎಂದರೆ ಪ್ರೋಗ್ರಾಮು. ಚಿಚಲೆಂಕಾದ ರೈಲ್ವೆ ಗೇಟಿನ ಪಕ್ಕದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು, ಜೆರಾಕ್ಸ್ ಮಾಡಿಸಿದ ಪುಸ್ತಕ ನೋಡಿಕೊಂಡು ಸಿ ಭಾಷೆ ಕಲಿತಿದ್ದ. ಆ ಪುಸ್ತಕದಲ್ಲಿ ನಡುವಿನ ಕೆಲವು ಪುಟಗಳು ಕಪ್ಪಾಗಿ ಬಂದಿದ್ದವು. ಅವನ ಜ್ಞಾನದಲ್ಲೂ ಅದೇ ಜಾಗಗಳಲ್ಲಿ ಕತ್ತಲೆ ಇತ್ತು. ಆದರೆ ಜಾವಾದ ಪಶ್ಚಿಮ ಭಾಗದ ಎಷ್ಟೋ ಭವನಗಳಲ್ಲಿ ಉರಿಯುತ್ತಿದ್ದ ಅಂಕಫಲಕಗಳೆಲ್ಲ ಅವನ ಕೈಯಿಂದ ಹೊರಟವು.

ಪ್ರೋಗ್ರಾಮಿನೊಳಗೆ ಅವನು ಇಡುತ್ತಿದ್ದ ಹೆಸರುಗಳು ಅವನಂತೆಯೇ ಒಂಟಿ. ಕಂಪ್ಯೂಟರಿನ ನೆನಪಿನಲ್ಲಿ ಅಂಕವನ್ನು ಇಡುವ ಪೆಟ್ಟಿಗೆಗೆ ಅಂಕ, ದೀಪಕ್ಕೆ ಲಂಪು, ಗಂಟೆಗೆ ಬೆಲ್. ಎಡಗಡೆಯ ಆಟಗಾರನದು ಅಂಕ, ಬಲಗಡೆಯವನದು ಅಂಕ ಎರಡು. ಒಬ್ಬನೇ ಇರುವ ಮನೆಯಲ್ಲಿ ಲೋಟಕ್ಕೆ ಯಾರು ಹೆಸರು ಕೊರೆಸುತ್ತಾರೆ?

ನಿನಿಂಗ್ ಕೊರೆಸುತ್ತಿದ್ದಳು. ಬಂದುಂಗಿನ ಪಾಲಿಟೆಕ್ನಿಕ್ಕಿನಲ್ಲಿ ಓದಿದವಳು. ಅವಳ ಪ್ರೋಗ್ರಾಮಿನ ಕಡತದಲ್ಲಿ ಒಂದೊಂದು ಹೆಸರಿಗೂ ಮುಂದೆ ಮನೆತನದ ಹೆಸರು, ನಡುವೆ ಅಂಡರ್‌ಸ್ಕೋರ್ ಎನ್ನುವ ಒಂದು ಅಡಿಗೆರೆ. ಶಾಖಕ್ಕೆ ಅವರ ಮಾತಿನಲ್ಲಿ ಸುಹು ಎನ್ನುತ್ತಾರೆ. ಹಾಗಾಗಿ ಸುಹು ಅಡಿಗೆರೆ ದೀಪ, ಸುಹು ಅಡಿಗೆರೆ ಸಾಲು, ಸುಹು ಅಡಿಗೆರೆ ಇನ್ನೊಂದು. ಕಾನ್ವೆಂಟಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಹಾಗೆ, ಎದೆಗೆ ಪಿನ್ನು ಚುಚ್ಚಿದ ಚೀಟಿಯೊಂದಿಗೆ, ಅವಳ ಹೆಸರುಗಳು ನಿಂತಿರುತ್ತಿದ್ದವು. ಇದನ್ನು ನೋಡಿದಾಗಲೆಲ್ಲ ಎಂಕುಸನಿಗೆ ಉರಿಯುತ್ತಿತ್ತು. ಅವರ ಸುಂಡಾ ಸೀಮೆಯಲ್ಲಿ ಮನುಷ್ಯರಿಗೇ ಮನೆತನದ ಹೆಸರಿಲ್ಲ. ಹಜ್ ಯಾತ್ರೆಗೆ ಪಾಸ್‌ಪೋರ್ಟ್ ಮಾಡಿಸುವಾಗ ಎರಡನೆಯ ಹೆಸರು ಬೇಕೆಂದು ಅಪ್ಪನದನ್ನೋ ಅಜ್ಜನದನ್ನೋ ಸಾಲ ತರುತ್ತಾರೆ. ಅಂಥದ್ದರಲ್ಲಿ ಶಾಖಕ್ಕೂ ಸಾಲಿಗೂ ವಂಶಾವಳಿಯೇ?

ಹಾಜಿ ಓಮಾನರಿಗೆ ಕಡತ ಓದಲು ಬರುತ್ತಿರಲಿಲ್ಲ. ಆದರೆ ಅಂದ ಗೊತ್ತಾಗುತ್ತಿತ್ತು. "ನೋಡೋ ಎಂಕುಸ್, ನೆಂಗ್ ನಿನಿಂಗ್ ಬರೆದದ್ದು ಇಸ್ತ್ರಿ ಮಾಡಿದ ಹಾಗಿದೆ," ಎಂದು ಒಮ್ಮೆ ಅವನ ಎದುರಿಗೇ ಹೇಳಿದರು; ನೆಂಗ್ ಎಂದರೆ ತಂಗಿ, ಆ ಅಕ್ಕರೆ ಬೇರೆ. ಅಂದಿನಿಂದ ಎಂಕುಸ್ ತನ್ನ ಅಂಗಿಗೆ ಇಸ್ತ್ರಿ ಹಾಕಿಸುವುದನ್ನೂ ಬಿಟ್ಟ.

ಹೊಟ್ಟೆಕಿಚ್ಚು ದೊಡ್ಡದಾಗಿದ್ದರೂ ಅವನ ಸೇಡುಗಳೆಲ್ಲ ಸಣ್ಣವೇ. ಅವಳು ಬರುತ್ತಾಳೆಂದು ಯಜಮಾನರು ಎರಡು ಹೊಸ ಕೀಬೋರ್ಡ್ ತರಿಸಿದ್ದರು. ಒಂದನ್ನು ಎಂಕುಸ್ ತಾನಿಟ್ಟುಕೊಂಡ. ಇನ್ನೊಂದನ್ನು 'ಮುಂದಕ್ಕೆ ಬೇಕಾಗುತ್ತೆ' ಎಂದು ಪೆಟ್ಟಿಗೆ ಸಮೇತ ಕಪಾಟಿನ ಮೇಲಕ್ಕೆ ಹತ್ತಿಸಿದ. ತಾನು ವರ್ಷಗಟ್ಟಲೆ ಬಾಲಾ-ಬಾಲಾ ಬಜ್ಜಿ ತಿಂದ ಕೈಯಲ್ಲೇ ಕುಟ್ಟಿದ್ದ ಹಳೆಯದನ್ನು ಅವಳ ಮುಂದೆ ಇಟ್ಟ. ಎರಡು ದಿನ ನೋಡಿ ಅವಳು, ಕೆಲವು ಕೀಗಳು ಕೇಳುತ್ತಿಲ್ಲ ಎಂದು ಮೆಲ್ಲಗೆ ಹೇಳಿದಳು. "ಗಟ್ಟಿಯಾಗಿ ಒತ್ತಮ್ಮ. ವಯಸ್ಸಾಗಿದೆ ಅದಕ್ಕೆ, ಸ್ವಲ್ಪ ಗೌರವ ಕೇಳುತ್ತೆ," ಎಂದ ಎಂಕುಸ್. ಅವಳು ಮತ್ತೆ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅವನಿಗೆ ಅದೂ ಒಂದು ಉರಿ.

ಆದರೆ ಅವನ ಕೈಯಲ್ಲಿ ಒಂದು ಗದ್ದುಗೆ ಉಳಿದಿತ್ತು. ಸಿ ಭಾಷೆಯ ಪ್ರೋಗ್ರಾಮು ಒಂದೇ ಕಡತದಲ್ಲಿರುವುದಿಲ್ಲ. ಅಂಕದ್ದೊಂದು, ಗಂಟೆಯದೊಂದು, ಶಾಖದ್ದೊಂದು ಎಂದು ಬಿಡಿಬಿಡಿಯಾಗಿ ಬರೆದು, ಕೊನೆಗೆ ಒಬ್ಬರ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಕೂಡಿಸಿ ಒಂದು ಮಾಡಬೇಕು. ಇದಕ್ಕೆ ಅಲ್ಲಿ ಜೋಡಣೆ ಎನ್ನುತ್ತಾರೆ. ಜೋಡಣೆ ಎಂಕುಸನದು. ಯಾರು ಏನೇ ಬರೆಯಲಿ, ಅವನ ಮೇಜಿನ ಮೇಲೆ ಹಾಯದೆ ಫಲಕಕ್ಕೆ ಹೋಗುವಂತಿಲ್ಲ. ಮದುವೆಯ ಮನೆಯಲ್ಲಿ ಅಡಿಗೆ ಯಾರೇ ಮಾಡಿದರೂ ಉಗ್ರಾಣದ ಬೀಗದ ಕೈ ಒಬ್ಬ ಮುದುಕಿಯ ಸೊಂಟದಲ್ಲಿರುವಂತೆ.

ಅವನ ಜೋಡಣೆಯ ಸಾಧನ ಪುರಾತನದ್ದು. ಎರಡು ಕಡತಗಳಲ್ಲಿ ಒಂದೇ ಹೆಸರಿನ ಪೆಟ್ಟಿಗೆ ಬೀದಿಬಾಗಿಲಿನಲ್ಲಿ, ಬೇರೆ ಕಡತಗಳಿಗೂ ಕಾಣುವಂತೆ, ಕೂತಿದ್ದರೆ ಈಗಿನ ಸಾಧನಗಳು ಕೂಗಿ ಕೆಲಸ ನಿಲ್ಲಿಸುತ್ತವೆ. ಎಂಕುಸನದು ಕೂಗುತ್ತಿರಲಿಲ್ಲ. ಹೆಸರು ಒಂದೇ ತಾನೆ, ಹಾಗಾದರೆ ಇಬ್ಬರೂ ಒಬ್ಬರೇ ಇರಬೇಕು ಎಂದುಕೊಂಡು ಎರಡಕ್ಕೂ ಒಂದೇ ಪೆಟ್ಟಿಗೆ ಕೊಟ್ಟು ಸುಮ್ಮನಾಗುತ್ತಿತ್ತು. ಹೊಸದನ್ನು ಹಾಕೋಣವೇ ಎಂದು ನಿನಿಂಗ್ ಒಮ್ಮೆ ಕೇಳಿದ್ದಳು. ಹಳೆಯದು ನನ್ನನ್ನು ಎಂದೂ ಕೈಬಿಟ್ಟಿಲ್ಲ ಎಂದು ಅವನು ಹೇಳಿದ್ದ. ಅವಳ ಬಾಯಿಂದ ಬಂದ ಸಲಹೆಯಾದ್ದರಿಂದ ಅದರಲ್ಲಿ ಹುರುಳಿರುವುದು ಅವನಿಗೆ ಬೇಕಿರಲಿಲ್ಲ.

ಆದದ್ದು ಇಷ್ಟೇ. ಅವಳ ಶಾಖದ ಕಡತದಲ್ಲಿ ಎಲ್ಲ ಹೆಸರುಗಳೂ ಚೀಟಿ ಚುಚ್ಚಿಕೊಂಡು ನಿಂತಿರುವಾಗ ಶಾಖದ ಸಂಖ್ಯೆ ಇಡುವ ಪೆಟ್ಟಿಗೆಯದು ಒಂದೇ ಒಂದು ಬೋಳಾಗಿ ಬಂದಿತ್ತು: ಅಂಕ. ಅದು ಎಂಕುಸನ ಅಂಕದ ಮೇಲೆ ಹೋಗಿ ಕೂತಿತು. ಶಾಖ ಬದಲಾದಾಗ ಮಾತ್ರ ಅವಳ ಕಡತ ಎದ್ದು ಪೆಟ್ಟಿಗೆಗೆ ಹೊಸ ಸಂಖ್ಯೆ ಹಾಕುತ್ತಿತ್ತು. ಕಾರ್ಖಾನೆಯ ಫ್ಯಾನಿನ ಕೆಳಗೆ ಪರೀಕ್ಷೆ ಮಾಡಿದಾಗ ಶಾಖ ಬದಲಾಗಲೇ ಇಲ್ಲ. ಚಾಮತರು ಬಂದು ಬದಲಾಯಿಸಿದರು.

ಮನೆಯಲ್ಲಿ ಎಂಕುಸ್ ಇದನ್ನೆಲ್ಲ ಹೆಂಡತಿಗೆ ವಿವರಿಸಿ, "ಈಗ ಅವಳು ಗಂಜಿ ತರ್ತಾಳೆ ನೋಡು," ಎಂದ.

ಗಂಜಿಯ ವಿಚಾರ ಹೀಗೆ. ಆ ಕಡೆ ಮಗು ಪದೇಪದೇ ಕಾಯಿಲೆ ಬಿದ್ದರೆ, ಇಟ್ಟ ಹೆಸರಿನ ಭಾರ ಅದಕ್ಕೆ ಹೊರಲಾಗುತ್ತಿಲ್ಲ ಎನ್ನುತ್ತಾರೆ. ಹಗುರವಾದ ಬೇರೆ ಹೆಸರಿಟ್ಟು, ಅಕ್ಕಿಯ ಗಂಜಿ ಮಾಡಿ, ಅರ್ಧಕ್ಕೆ ತಾಳೆಬೆಲ್ಲ ಹಾಕಿ ಕೆಂಪು ಮಾಡಿ, ಅರ್ಧ ಬಿಳಿಯಾಗಿಯೇ ಬಿಟ್ಟು, ನೆರೆಹೊರೆಗೆ ಹಂಚುತ್ತಾರೆ. ಹಾಜಿ ಓಮಾನರು ತಮಾಷೆಗೆಂದು ಇದನ್ನು ಕಾರ್ಖಾನೆಗೂ ತಂದಿದ್ದರು. ಪ್ರೋಗ್ರಾಮಿನಲ್ಲಿ ಎರಡು ಹೆಸರು ಡಿಕ್ಕಿ ಹೊಡೆದು ಯಾರಾದರೂ ತಮ್ಮದನ್ನು ಬದಲಾಯಿಸಬೇಕಾಗಿ ಬಂದರೆ, ಬದಲಾಯಿಸಿದವರು ಎಲ್ಲರಿಗೂ ಕೆಂಪು-ಬಿಳಿ ಗಂಜಿ ತರಬೇಕು. ಕೆಲಸ ಕಲಿಯಲೆಂದು ನಾಲ್ಕು ದಿನ ಬಂದುಹೋದ ಹುಡುಗರೆಲ್ಲ ತಂದಿದ್ದರು. ಎಂಕುಸ್ ಒಮ್ಮೆಯೂ ತಂದಿರಲಿಲ್ಲ.

ಅದಕ್ಕೊಂದು ಕಾರಣವಿತ್ತು, ಅದನ್ನು ಬಲ್ಲವಳು ಯೋಯೋಹ್ ಒಬ್ಬಳೇ. ಅವನು ಹುಟ್ಟಿದಾಗ ಅಜ್ಜ ಇಟ್ಟ ಹೆಸರು ಕುಸುಮನಿಂಗ್ರಾತ್. ಅರಮನೆಯ ಅತ್ತರು ಹೊಡೆಯುವ ಹೆಸರು. ಮಗುವಿಗೆ ಮೇಲಿಂದ ಮೇಲೆ ಜ್ವರ ಬಂತು. ಹೆಸರು ಭಾರವಾಯಿತೆಂದು ಹಿರಿಯರು ಗಂಜಿ ಮಾಡಿಸಿ, ಉದ್ದದ್ದನ್ನೆಲ್ಲ ಕತ್ತರಿಸಿ, ಎಂಕುಸ್ ಎಂದರು. ಜ್ವರ ಬಿಟ್ಟಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದೆ ತಮ್ಮ ಹುಟ್ಟಿದಾಗ, ಅಂಥ ಒಳ್ಳೆಯ ಹೆಸರು ಸುಮ್ಮನೆ ಬಿದ್ದಿದೆಯಲ್ಲ ಎಂದು ಅದನ್ನೇ ಅವನಿಗಿಟ್ಟರು. ಅವನಿಗೆ ಒಂದು ನೆಗಡಿಯೂ ಬರಲಿಲ್ಲ. ಈಗ ಗಾರುತಿನ ಬ್ಯಾಂಕೊಂದರಲ್ಲಿ ಪಾಕ್ ಕುಸುಮಾ ಎನ್ನಿಸಿಕೊಂಡು, ಗಾಜಿನ ಕೋಣೆಯಲ್ಲಿ ಕೂತು, ಹೆಸರಿನ ಹಲಗೆ ಮೇಜಿನ ಈ ತುದಿಯಿಂದ ಆ ತುದಿವರೆಗೆ ಹಾಕಿಸಿಕೊಂಡಿದ್ದ. ಹಬ್ಬಕ್ಕೆ ಬಂದಾಗಲೆಲ್ಲ ಎಂಕುಸನಿಗೆ ಎದುರು ಕೂತು ಉಣ್ಣುತ್ತಿರುವವನು ತಮ್ಮನಲ್ಲ, ತನ್ನ ಅಂಗಿ ಹಾಕಿಕೊಂಡ ಇನ್ಯಾರೋ ಎನ್ನಿಸುತ್ತಿತ್ತು. ಒಮ್ಮೆ ಹೆಸರು ಬಿಟ್ಟುಕೊಟ್ಟಿದ್ದಾಗಿದೆ. ಇನ್ನೊಮ್ಮೆ, ಒಂದು ಪೆಟ್ಟಿಗೆಯದಾದರೂ ಸರಿ, ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ಯೋಯೋಹ್ ಎಲ್ಲವನ್ನೂ ಕೇಳಿಸಿಕೊಂಡು ಬೀನ್ಸಿನ ನಾರು ತೆಗೆಯುತ್ತ ಹೇಳಿದಳು: "ಹೊಟ್ಟೆಕಿಚ್ಚಿಗೆ ಹೊಟ್ಟೆಯೂ ಬೇಕು, ಕಿಚ್ಚೂ ಬೇಕು. ದೇವರು ನಿಮಗೆ ಎರಡನ್ನೂ ಧಾರಾಳವಾಗಿ ಕೊಟ್ಟಿದ್ದಾನೆ. ಒಲೆ ಹಚ್ಚೋ ಕೆಲಸ ಇಲ್ಲ ನನಗೆ."

ಸೋಮವಾರ ಹಾಜಿ ಓಮಾನರು ಎಲ್ಲರನ್ನೂ ಕರೆದು ಚಾಪೆಯ ಮೇಲೆ ಕೂರಿಸಿದರು. ಎಂಕುಸ್, ನಿನಿಂಗ್, ಬೆಸುಗೆ ಹಾಕುವ ತೆಹ್ ಎಂತಿನ್, ಅಂದರೆ ಎಂತಿನಕ್ಕ, ಫಲಕದ ಚೌಕಟ್ಟು ಮಾಡುವವರು. ಯಜಮಾನರ ಧ್ವನಿ ತಣ್ಣಗಿತ್ತು. ಮುಂದಿನ ತಿಂಗಳು ಪ್ರಾಂತ್ಯದ ಕ್ರೀಡಾಕೂಟಕ್ಕೆ ಫಲಕ ಹೋಗಬೇಕು, ಅಲ್ಲಿ ಆಡುವವರು ಚಾಮತರಲ್ಲ, ನಿಜವಾಗಿ ಆಡುವವರು ಎಂದು ಹೇಳಿದರು. ಆಮೇಲೆ ತಮ್ಮ ತೀರ್ಮಾನ ತಿಳಿಸಿದರು.

"ಯಾರ ಹೆಸರು, ಯಾವ ಪೆಟ್ಟಿಗೆ, ನಂಗದೆಲ್ಲ ತಿಳಿಯಲ್ಲ. ಇದು ಯಾರಿಂದ ಆಯ್ತು ಅಂತ ಹೇಳಿ. ಯಾರಿಂದ ಆಯ್ತೋ ಅವರ ಕೈಲಿ ಜೋಡಣೆ ಇರಲ್ಲ."

ಎಂಕುಸ್ ಗಂಟಲು ಸರಿಮಾಡಿಕೊಂಡು ವಿವರಿಸಿದ. ತನ್ನ ಅಂಕ ಎಷ್ಟು ಹಳೆಯದು, ಎಷ್ಟು ಭವನಗಳಲ್ಲಿ ಎಷ್ಟು ಚಾಂಪಿಯನ್ನರ ಅಂಕ ಅದರಲ್ಲಿ ಕೂತೆದ್ದಿದೆ, ಇನ್ನೊಂದು ಅಂಕ ಎಷ್ಟು ಈಚಿನದು. ಹೇಳುತ್ತಿರುವಾಗಲೇ ಅವನಿಗೆ ಒಳಗೊಳಗೆ ಅಳುಕು. ಈಗ ಅವಳು ಬಾಯಿ ತೆರೆದು, ಹೊಸ ಸಾಧನ ಹಾಕೋಣ ಎಂದು ನಾನು ಹೇಳಿದ್ದೆ, ಹಾಕಿದ್ದರೆ ಅದೇ ಕೂಗಿ ಹಿಡಿದುಕೊಡುತ್ತಿತ್ತು ಎಂದರೆ ಕಥೆ ಮುಗಿಯಿತು.

ಅವಳು ಅದನ್ನು ಹೇಳಲಿಲ್ಲ. ನನ್ನದೇ ಹೆಸರು ಬೋಳಾಗಿ ಬಂದದ್ದು, ತಪ್ಪಾಯಿತು ಎಂದಳು. ಬೇಕಿದ್ದರೆ ಎರಡೂ ಕಡತದಲ್ಲಿ ಹೆಸರಿನ ಹಿಂದೆ ಒಂದು ಪದ ಸೇರಿಸಿದರೆ ಅವು ತಂತಮ್ಮ ಮನೆಯೊಳಗೇ ಉಳಿಯುತ್ತವೆ, ಬೀದಿಗೆ ಬರುವುದಿಲ್ಲ, ಯಾರೂ ಹೆಸರು ಬದಲಾಯಿಸಬೇಕಿಲ್ಲ ಎಂದೂ ಸೇರಿಸಿದಳು.

"ಹಂಗಂದ್ರೆ ಗಂಜಿ ಇಲ್ವಾ?" ಎಂದಳು ತೆಹ್ ಎಂತಿನ್.

ಆ ಪದದ ಮಾತು ಅಲ್ಲಿಗೆ ಸತ್ತಿತು. ಚಾಪೆಯ ಮೇಲಿದ್ದವರೆಲ್ಲ ಗಂಜಿಯ ಪಕ್ಷಕ್ಕೆ ಸೇರಿದರು. ಅಡಿಗೆರೆ ಬಿಟ್ಟವರು ಅಡಿಗೆ ಮಾಡಬೇಕು ಎಂಬುದು ಒಪ್ಪಿತವಾಯಿತು. ಜೋಡಣೆ ಎಂಕುಸನ ಕೈಯಲ್ಲೇ ಉಳಿಯಿತು.

ಗೆದ್ದವನಿಗೆ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಅವಳು ತನ್ನ ವಿರುದ್ಧ ಹೇಳಬಹುದಾಗಿದ್ದ ಮಾತನ್ನು ಹೇಳದೆ ನುಂಗಿದಳಲ್ಲ, ಅದನ್ನು ನೆನೆದು ಎಂಕುಸ್ ಎರಡು ದಿನ ಕುದಿದ. ಅವಳ ಕಡತ ತನ್ನದಕ್ಕಿಂತ ಚೆಂದ, ಸರಿ. ಈಗ ಅವಳ ಮೌನವೂ ತನ್ನ ಮಾತಿಗಿಂತ ಚೊಕ್ಕವಾಗಿ ಬರೆದದ್ದು. ಅವಳನ್ನು ಸೋಲಿಸಲು ಇನ್ನೇನು ಉಳಿದಿದೆ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಅವನಿಗೆ ದೊಡ್ಡತನವೊಂದೇ ಉಳಿದಿರುವುದು ಕಂಡಿತು. ಎಲ್ಲರೆದುರು ಅವಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ, ಬೆನ್ನು ತಟ್ಟಿ, ಹಿರಿಯನೆನಿಸಿಕೊಳ್ಳಬೇಕು. ಬೆನ್ನು ತಟ್ಟುವವನ ಕೈ ಯಾವಾಗಲೂ ಮೇಲಿರುತ್ತದೆ.

ಗುರುವಾರ ನಿನಿಂಗ್ ದೊಡ್ಡ ಡಬರಿಯಲ್ಲಿ ಗಂಜಿ ತಂದಳು. ಕೆಂಪು ಒಂದು ಕಡೆ, ಬಿಳಿ ಒಂದು ಕಡೆ, ನಡುವೆ ಗೆರೆ ಎಳೆದ ಹಾಗೆ, ಒಂದರೊಳಗೊಂದು ಇಳಿದಿರಲಿಲ್ಲ. ಗಂಜಿಗೂ ಇಸ್ತ್ರಿ ಎಂದುಕೊಂಡ ಎಂಕುಸ್. ತಿಂದು ನೋಡಿದ. ರುಚಿಯಾಗಿತ್ತು, ತೆಂಗಿನ ಹಾಲು ಹದವಾಗಿ ಬಿದ್ದಿತ್ತು, ಬೆಲ್ಲ ಸೀಯಿಸದೆ ಕರಗಿತ್ತು. ಯೋಯೋಹ್ ಮಾಡುವುದಕ್ಕಿಂತ ಚೆನ್ನಾಗಿತ್ತು. ಇದನ್ನು ಮನೆಯಲ್ಲಿ ಹೇಳುವಂತಿಲ್ಲ, ಇಲ್ಲಿಯೂ ಹೇಳುವಂತಿಲ್ಲ. ಗಂಟಲಲ್ಲಿ ಗಂಜಿಯ ಜೊತೆ ಅದನ್ನೂ ಇಳಿಸಿದ.

ತೆಹ್ ಎಂತಿನ್ ಎರಡನೆಯ ಬಟ್ಟಲು ತುಂಬಿಸಿಕೊಳ್ಳುತ್ತ, ಇನ್ನು ಮೇಲೆ ತಿಂಗಳಿಗೊಂದು ಹೆಸರು ಬೋಳಾಗಿ ಬಿಡು ನೆಂಗ್, ನಮ್ಮ ಹೊಟ್ಟೆ ತಣ್ಣಗಿರುತ್ತೆ ಎಂದಳು. ಎಲ್ಲರೂ ನಕ್ಕರು. ಹಾಜಿ ಓಮಾನರೂ ನಕ್ಕರು. ಇದೇ ಹೊತ್ತು ಎಂದು ಎಂಕುಸನಿಗೆ ತೋರಿತು. ಬಟ್ಟಲು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಬೇಕಾದಷ್ಟು ಮೆದುವಾದ ಧ್ವನಿ ತೆಗೆದ. ನಿನಿಂಗಳಷ್ಟು ಅಚ್ಚುಕಟ್ಟಾಗಿ ಬರೆಯುವವರನ್ನು ತಾನು ಕಂಡಿಲ್ಲ ಎಂದ. ಇಂಥ ಮಾತು ಅವನ ಬಾಯಿಂದ ಬಂದದ್ದಕ್ಕೆ ಚೌಕಟ್ಟಿನವರು ತಿನ್ನುವುದನ್ನು ನಿಲ್ಲಿಸಿದರು. ತಪ್ಪು ಎಲ್ಲರಿಂದಲೂ ಆಗುತ್ತದೆ, ತಾನೂ ಒಂದು ಕಾಲದಲ್ಲಿ ಚಿಕ್ಕವನಾಗಿದ್ದೆ ಎಂದ. ಅವನಿಗೇ ತನ್ನ ಮೇಲೆ ಪ್ರೀತಿ ಉಕ್ಕಿ ಬಂತು. ಅವಳು ಈಗ ತಲೆ ತಗ್ಗಿಸುತ್ತಾಳೆ, ಅಣ್ಣಾ ಎನ್ನುವಂತೆ ಕಾಂಗ್ ಎಂದು ಕರೆದು, ಕಾಂಗ್ ಎಂಕುಸರ ಕಡತ ನೋಡಿ ಕಲಿಯುವಾಗ ಆ ಹೆಸರು ಕೈಗೆ ಅಂಟಿಕೊಂಡು ಬಂತು ಎನ್ನುತ್ತಾಳೆ ಎಂದೂ ಅವನ ಮನಸ್ಸು ಅಷ್ಟರಲ್ಲೇ ಬರೆದಿಟ್ಟುಕೊಂಡಿತ್ತು. ಅಷ್ಟಾದರೆ ಸಾಕು, ಎಳವೆಯಲ್ಲಿ ಕಳೆದುಹೋದ ಹೆಸರಿನ ಲೆಕ್ಕವೂ ಚುಕ್ತಾ.

"ಅಲ್ಲ ನೆಂಗ್," ಎಂದ, "ಒಂದೊಂದು ಹೆಸರಿಗೂ ಅಡಿಗೆರೆ ಎಳೆದು, ಮನೆತನ ಹಚ್ಚಿ, ಇಷ್ಟು ನಿಗಾ ಮಾಡೋಳು ನೀನು. ಅಷ್ಟರಲ್ಲಿ ಇದೊಂದನ್ನೇ ಯಾಕಮ್ಮ ಬರೀ ಅಂಕ ಅಂತ ಬಿಟ್ಟೆ?"

ಹಾಜಿ ಓಮಾನರು ಚಮಚ ಬಾಯಿಯ ಹತ್ತಿರ ಹಿಡಿದುಕೊಂಡೇ ಅವಳ ಕಡೆ ತಿರುಗಿದರು. ನಿನಿಂಗ್ ಸ್ವಲ್ಪ ನಾಚಿಕೊಂಡಳು. ಹೇಳಲೋ ಬೇಡವೋ ಎಂಬಂತೆ ಡಬರಿಯ ಅಂಚನ್ನು ಒರೆಸಿದಳು.

"ನೀವು ಕೊಟ್ಟ ಕೀಬೋರ್ಡಲ್ಲಿ ಅಡಿಗೆರೆ ಕೀ ಒತ್ತಿದ್ರೆ ಬರಲ್ಲ ಕಾಂಗ್," ಎಂದಳು. "ಪ್ರತಿಸಲ ಸುಹು ಸಮೇತ ಅದನ್ನ ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸ್ತೀನಿ. ಅದೊಂದಕ್ಕೆ ಅಂಟಿಸೋದು ಮರ್ತೆ."